ಭೂಮಿಕಾಳ ಅಳತೆಯ ಬ್ಯಾಟು

ಸತೀಶನ ಮನೆಯಲ್ಲಿ ಯಾವ ಮಗುವಿಗೂ ಅಳತೆಗೆ ಸರಿಯಾದದ್ದನ್ನು ತಂದದ್ದೇ ಇಲ್ಲ. "ಬೆಳೆಯೋ ಮಕ್ಳು, ಸಡ್ಲ ಇರ್ಲಿ" ಎಂಬುದು ಅವನ ತಾಯಿ ವೆಂಕಮ್ಮನ ಶಾಸನ. ಸತೀಶ ಮೊಣಕೈ ದಾಟುವ ಅರ್ಧ ತೋಳಿನ ಅಂಗಿ ತೊಟ್ಟೇ ಶಾಲೆ ಮುಗಿಸಿದವನು. ಮಗಳು ಭೂಮಿಕಾ ಬೂಟಿನ ತುದಿಗೆ ಬಟ್ಟೆ ತುರುಕಿಕೊಂಡೇ ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದವಳು.

ಈಗ ಹದಿನೈದರೊಳಗಿನ ಹುಡುಗಿಯರ ವಲಯ ಕ್ರಿಕೆಟ್ ತಂಡಕ್ಕೆ ಶಿರಸಿಯಲ್ಲಿ ಆಯ್ಕೆಯಿತ್ತು. ಅವಳು ಅಭ್ಯಾಸಕ್ಕೆ ಬಳಸುತ್ತಿದ್ದ ಶಾಲೆಯ ಬ್ಯಾಟು ಹೋದ ವಾರವೇ ಸೀಳಿಹೋಗಿತ್ತು. ಹೊಸದು ಕೊಡಿಸಲು ಹೊರಟ ಸತೀಶ, ತಮ್ಮೂರು ಹುಲಗೋಳದ ಚಾ ಅಂಗಡಿಯಲ್ಲಿ ಗೆಳೆಯ ಕಲ್ಲಯ್ಯನ ಎದುರು ಸುಮ್ಮನಿರಬಾರದೇ? "ಟೀವಿಲಿ ಆಡ್ತಾರಲ, ಅಂಥದ್ದೇ ತರ್ತೆ ನೋಡು" ಎಂದುಬಿಟ್ಟ.

ಶಿರಸಿಯ ಜಾವೇದನ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಅವನ ಕಣ್ಣು ಬಿದ್ದದ್ದು ದೊಡ್ಡವರ ಅಳತೆಯ, ದುಬಾರಿ ಇಂಗ್ಲಿಷ್ ವಿಲ್ಲೋ ಮರದ ಬ್ಯಾಟಿನ ಮೇಲೆ. ತಂದ ದುಡ್ಡು ಅದೊಂದಕ್ಕೇ ಸರಿಹೋಗುತ್ತಿತ್ತು.

"ಸತೀಶಣ್ಣ, ಮಗಳ ಕೈಗೆ ಕೊಡಿ. ಎಡಗೈ ಒಂದರಲ್ಲೇ ಎತ್ತಲಿ" ಎಂದ ಜಾವೇದ್.

ಭೂಮಿಕಾ ಎತ್ತಿದಳು. ಬ್ಯಾಟಿನ ಮೂತಿ ಮೆಲ್ಲಗೆ ನೆಲ ನೋಡಿತು.

"ಇನ್ನೊಂದ್ ವರ್ಷಕ್ಕೆ ಸಮಾ ಆಗ್ತದೆ. ಬೆಳೆಯೋ ಹುಡುಗಿ" ಎಂದ ಸತೀಶ.

"ಅಪ್ಪಾ, ಆಯ್ಕೆ ನಾಡಿದ್ದು. ಅಷ್ಟ್ರೊಳಗೆ ನಾ ಎಷ್ಟ್ ಬೆಳೀತೆ?"

ಜಾವೇದ್ ನಗು ನುಂಗಲು ಕೆಮ್ಮಿದ. ಭೂಮಿಕಾ ಮಕ್ಕಳ ಅಳತೆಯ ಆರನೇ ನಂಬರಿನ, ಅಗ್ಗದ ಕಾಶ್ಮೀರ್ ವಿಲ್ಲೋ ಬ್ಯಾಟು ತೆಗೆದು ಬೀಸಿದಳು. ಅದು ಹಗುರವಾಗಿ ತಿರುಗಿತು.

"ಇದೇ ಸಾಕು. ಉಳಿದದ್ರಲ್ಲಿ ಹೆಲ್ಮೆಟ್ಟು, ಗ್ಲೌಸು ಬರ್ತದೆ. ಪ್ಯಾಡು ಶಾಲೇದಿದೆ. ದೊಡ್ ಬ್ಯಾಟ್ ಹಿಡ್ಕಂಡು ಬರೀ ತಲೇಲಿ ನಿಲ್ಲೂಕೆ ನಂಗೆ ಹೆದ್ರಿಕೆ."

ಹೆದರಿಕೆ ಎಂದ ಮೇಲೆ ಸತೀಶ ದೊಡ್ಡ ಬ್ಯಾಟನ್ನು ಜಾವೇದನಿಗೆ ಮರಳಿಸಿ, ಮಗಳು ಹೇಳಿದ್ದಕ್ಕೇ ದುಡ್ಡು ಎಣಿಸಿದ.

ಊರಿನಲ್ಲಿ ಕಲ್ಲಯ್ಯ ಬಿಡುತ್ತಾನೆಯೇ? "ಇದೆಂತ ಮಾರಾಯ, ಮಕ್ಕಳಾಟಕ್ಕೆ ತಂದ್ಯಾ?" ಎಂದು ಎಲ್ಲರೆದುರು ಕೇಳಿದ. ಸತೀಶನ ಮುಖ ಹುಳ್ಳಗಾಯಿತು. ಹಿಂದಿರುಗಿಸಿ ಬಂದರೆ ಹೇಗೆ ಎಂದೂ ಯೋಚಿಸಿದ. ಆದರೆ ಅಂಗಳದಲ್ಲಿ ಮಗಳು ಹಳೇ ಚೆಂಡನ್ನು ಕಾಲುಚೀಲದಲ್ಲಿ ನೇತುಹಾಕಿ, ತಟ್ಟಿ ತಟ್ಟಿ ಹೊಸ ಬ್ಯಾಟನ್ನು ಹದ ಮಾಡುತ್ತಿದ್ದಳು. ಅದನ್ನು ಕಂಡು ಆ ಯೋಚನೆ ಬಿಟ್ಟ.

ಆಯ್ಕೆಯ ದಿನ ಸಿದ್ದಾಪುರದ ಎತ್ತರದ ಹುಡುಗಿಯೊಬ್ಬಳು ಚೆಂಡೆಸೆದಳು. ಮೊದಲನೆಯದೇ ಪುಟಿದು ಭೂಮಿಕಾಳ ಹೆಲ್ಮೆಟ್ಟಿಗೆ ಠಕ್ಕೆಂದು ಬಡಿಯಿತು. ಸತೀಶ ಗೆರೆಯವರೆಗೂ ಓಡಿದ. ಭೂಮಿಕಾ ಹೆಲ್ಮೆಟ್ಟು ಸರಿಮಾಡಿಕೊಂಡು ಮತ್ತೆ ನಿಂತಳು. ಮುಂದಿನ ಚೆಂಡೂ ಪುಟಿದು ಎದೆಮಟ್ಟಕ್ಕೆ ಬಂತು. ಆ ಸಣ್ಣ ಬ್ಯಾಟು ತಡಮಾಡದೆ ತಿರುಗಿತು, ಚೆಂಡು ಗೆರೆ ದಾಟಿ ಕಾಂಪೌಂಡಿಗೆ ಬಡಿಯಿತು. ಆಮೇಲೆ ಅವಳನ್ನು ತಡೆಯುವವರೇ ಇರಲಿಲ್ಲ.

ಮಧ್ಯಾಹ್ನ ಅವಳ ಹೆಸರು ಕೂಗಿದಾಗ ಸತೀಶ ನಾಲ್ಕು ಜನರ ನಡುವೆ ನಾಚಿಕೆಯಿಲ್ಲದೆ ಕಣ್ಣೊರೆಸಿಕೊಂಡ. "ನನ್ನ ಮಗಳು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ.

ಬಸ್ಸಿಗೆ ಮೊದಲು ಅವಳನ್ನು ಬೂಟಿನ ಅಂಗಡಿಗೆ ಕರೆದೊಯ್ದ. ಅಂಗಡಿಯವನು ಕಾಲು ನೋಡಿ, "ಬೆಳೆಯೋ ಹುಡುಗಿ, ಒಂದ್ ನಂಬರ್ ದೊಡ್ಡದೇ ಕೊಡ್ಲಾ?" ಎಂದ.

"ಬ್ಯಾಡ" ಎಂದ ಸತೀಶ, ಎದೆ ಸೆಟೆಸಿ. "ಇವತ್ತಿನ ಕಾಲಿಗೆ ಸಮಾ ಇರೂದೇ ಕೊಡಿ. ನಾಳೆಯಿಂದ ಅಭ್ಯಾಸ ಉಂಟು ಇವ್ಳಿಗೆ."