ಎಣ್ಣೆಗೆ ಸೋಲುವ ಬಿಳಿ

ಅಪ್ಪ ಸತ್ತಾಗಲೂ ಅಕ್ಕ ಬಣ್ಣದಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಈಗ ಬಂದಿದ್ದಳೆಂದರೆ ತಂಗಿ ಅಷ್ಟು ಗೋಗರೆದಿದ್ದಳು.

"ಏನೋ ತೋರಿಸ್ಬೇಕು ಅಂದ್ಯಲ್ಲ, ಬೇಗ ತೋರ್ಸು. ಈ ವಾಸನೆ ನನಗೆ ಆಗಲ್ಲ."

"ಹುಟ್ಟಿದ್ದೇ ಈ ವಾಸನೇಲಿ, ಈಗ ದೊಡ್ಡ ಮಹಾರಾಣಿ! ಕೂತ್ಕೊಳೆ."

ಮೇಜಿನ ಮೇಲೆ ಅಪ್ಪ ಬರೆದ ಮನೆಮಂದಿಯ ಚಿತ್ರವಿತ್ತು. ಅಪ್ಪ, ಅಮ್ಮ, ತಂಗಿ. ಬಲತುದಿಯಲ್ಲಿ ಬಿಳಿಯ ಪಟ್ಟೆ. ಬಣ್ಣ ಅರೆಯುವ ಕೆಲಸದವನನ್ನು ಅಕ್ಕ ಮದುವೆಯಾದಾಗ ದೊಡ್ಡಪ್ಪ, ಚಿಕ್ಕಪ್ಪ ಎಲ್ಲರೂ ಸೇರಿ ಅವಳನ್ನು ಮನೆಯಿಂದ ಅಳಿಸಿಹಾಕು ಎಂದು ಅಪ್ಪನ ಬೆನ್ನು ಬಿದ್ದಿದ್ದರು. ಅವರೆದುರೇ ಅಪ್ಪ ಕುಂಚ ತೆಗೆದುಕೊಂಡು ಚಿತ್ರದಲ್ಲಿನ ಅವಳ ಮೇಲೆ ಬಿಳಿ ಬಳಿದಿದ್ದ.

"ಇದನ್ನ ನೋಡೋಕೆ ಕರೆಸಿದ್ಯಾ?" ಅಕ್ಕ ಎದ್ದು ನಿಂತಳು.

"ಅದು ಯಾವ ಬಿಳಿ, ಹೇಳು ನೋಡೋಣ."

ಅಕ್ಕನಿಗೆ ನಗು ಬಂತು, ಕಹಿಯಾದ ನಗು. ಚಿಕ್ಕಂದಿನಲ್ಲಿ ಅಪ್ಪ ಇದೇ ಬಿಳಿಪುಡಿಯ ಭರಣಿ ಎತ್ತಿ ಹಿಡಿದು ಹೀಗೇ ಕೇಳುತ್ತಿದ್ದ, ಇಬ್ಬರೂ ಪೈಪೋಟಿಯಲ್ಲಿ ಅದರ ಹೆಸರುಗಳನ್ನು ಒಪ್ಪಿಸಬೇಕಿತ್ತು. ಗಣಿಯವರಿಗೆ ಅದು ಭಾರದ ಕಲ್ಲು. ಹಳೆಯ ಚಿತ್ರಕಾರರಿಗೆ ಬರೈಟಾ ಬಿಳಿ, ನೀರುಬಣ್ಣದವರಿಗೆ ಖಾಯಂ ಬಿಳಿ, ಕಾಗದದ ಕಾರ್ಖಾನೆಗೆ ಬ್ಲಾಂಕ್ ಫಿಕ್ಸ್. ಮುಂದೆ ಕಾಲೇಜಿನಲ್ಲಿ ತಂಗಿ ಅದನ್ನೇ ಬೇರಿಯಂ ಸಲ್ಫೇಟ್ ಎಂದು ಕಲಿತಳು. "ಪೊಲೀಸರಿಗೆ ಹೆದರೋ ಕಳ್ಳನಿಗೂ ಇಷ್ಟು ಹೆಸರಿರಲ್ಲ" ಎಂದು ಅಪ್ಪ ನಗುತ್ತಿದ್ದ. ಆಮೇಲೆ ಗುಟ್ಟು ಹೇಳುವವನಂತೆ, "ಅಂಟಿನಲ್ಲಿ ಕಲಸಿದ್ರೆ ಸುಣ್ಣದ ಗೋಡೆ. ಎಣ್ಣೆ ತಾಗಿದ್ರೆ ಗಾಜು" ಎನ್ನುತ್ತಿದ್ದ.

"ಸೀಸದ ಬಿಳಿ ಕೈಗೆ ಸಿಗೋ ಹಾಗೇ ಇತ್ತು," ತಂಗಿಯ ಮಾತು ತಡವರಿಸಿತು. "ಅದನ್ನ ಬಳಿದಿದ್ರೆ ನೀನು ಯಾವತ್ತೂ ಕಾಣಿಸ್ತಿರ್ಲಿಲ್ಲ. ಅಪ್ಪ ಬೇಕಂತಲೇ ಇದನ್ನ ಅಂಟಿನಲ್ಲಿ ಕಲಸಿದ್ದ. ಮೂಲೇಲಿ ಒಂಚೂರು ಪರೀಕ್ಷೆ ಮಾಡಿದೆ. ನೋಡು."

ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಬಿಳಿಯ ಮೇಲೆ ಮೆಲ್ಲಗೆ ಒತ್ತಿದಳು. ಬಿಳಿ ಒದ್ದೆ ಕಾಗದದ ಹಾಗೆ ತಿಳಿಯಾಗಿ ಅಡಿಯದು ಕಾಣತೊಡಗಿತು. ಮೊದಲು ಜಡೆ, ಆಮೇಲೆ ಕಿವಿ, ಕೆನ್ನೆ. ಕೊನೆಗೆ ಹೆಗಲು, ಹೆಗಲ ಮೇಲೆ ಅಪ್ಪನ ಕೈ. ಇಷ್ಟು ವರ್ಷ ಆ ಕೈ ಮಣಿಕಟ್ಟಿನ ಆಚೆ ಬಿಳಿಯೊಳಗೆ ಮುಳುಗಿತ್ತು.

ಅಕ್ಕ ಬಹಳ ಹೊತ್ತು ಆ ಕೈಯನ್ನೇ ನೋಡಿದಳು. ತಂಗಿ ಕಾದಳು. ಈಗ ಅಳುತ್ತಾಳೆ, ಆಮೇಲೆ ಅಂಗಡಿಯಲ್ಲಿ ತನ್ನ ಪಕ್ಕ ಬಂದು ಕೂರುತ್ತಾಳೆ ಎಂದುಕೊಂಡಳು.

"ಎಷ್ಟು ಎಣ್ಣೆ ಬೇಕಾಯ್ತೇ?" ಅಕ್ಕ ಕೇಳಿದಳು.

"ಒಂದೆರಡು ಚಮಚ."

"ಅಂಗಡಿ ತುಂಬ ಪೀಪಾಯಿಗಟ್ಟಲೆ ಇತ್ತಲ್ಲ."

ತಂಗಿ ಎಣ್ಣೆಬಟ್ಟೆಯನ್ನು ಮಡಚಿ ಮೇಜಿನಂಚಿಗಿಟ್ಟಳು.

"ಮಗು ಎತ್ಕೊಂಡು ಬಂದು ಈ ಬಾಗಿಲು ತಟ್ಟಿದ್ದೆ, ಗೊತ್ತಾ? ಒಳಗೆ ಅಪ್ಪ ಕೆಮ್ಮಿದ್ದು ಕೇಳಿಸ್ತು. ಚಿಲಕ ತೆಗೀಲಿಲ್ಲ." ಅಕ್ಕ ಚೀಲವನ್ನು ಹೆಗಲಿಗೇರಿಸಿದಳು. "ಒಂದು ಪುಡಿಗೆ ಅಷ್ಟು ಹೆಸರು ಬಾಯಿಪಾಠ ಮಾಡಿಸಿದ. ನನ್ನ ಹೆಸರು ಒಂದ್ಸಲ ಕೂಗೋಕೆ ಆಗಲಿಲ್ಲ."

"ಹೆದರ್ಕೊಂಡಿದ್ದ ಕಣೇ. ಪ್ರೀತಿ ಇತ್ತು."

"ಇತ್ತು. ನಾನೇ ನೋಡಿದ್ನಲ್ಲ, ಅಂಟಿನಲ್ಲಿ ಕಲಸಿಟ್ಟಿದ್ದ."

"ಅಂಗಡೀಲಿ ಅರ್ಧ ನಿಂದು, ಅಕ್ಕ."

"ನೀನೇ ಇಟ್ಕೊ."

ಅವಳು ಮೆಟ್ಟಿಲಿಳಿದು ಬೀದಿಗೆ ಸೇರಿದಳು. ಬಾಗಿಲಿಗೆ ಬಂದ ತಂಗಿಗೆ ಅವಳನ್ನು ಕೂಗಬೇಕೆನಿಸಿತು. ಪಕ್ಕದ ಅಂಗಡಿಯವರು ಹೊರಗೇ ನಿಂತಿದ್ದರು. ಅವಳು ಗಂಟಲು ಸರಿಮಾಡಿಕೊಂಡಳು, ಕೆಮ್ಮಿದಳು, ಒಳಕ್ಕೆ ಬಂದಳು.