ಹತ್ತೊಂಬತ್ತನೆಯ ಹರಳು

ಟಿಣ್ — ಟೈಪ್‌ರೈಟರಿನ ಗಂಟೆ, ಅಲ್ಲಿಗೆ ಒಂದು ಸಾಲು ಮುಗಿಯಿತು, ಒಂದು, ಎಂದು ಜಗದೇವಪ್ಪನ ಮನಸ್ಸು ಎಣಿಸಿತು, ಬೇಡವೆಂದರೂ ಎಣಿಸುತ್ತದೆ, ಮಶಾಕ ಸತ್ತ ದಿನದಿಂದ, ಅಂದರೆ ಹನ್ನೊಂದು ದಿನಗಳಿಂದ, ಮೆಟ್ಟಿಲು, ರೈಲಿನ ಡಬ್ಬಿ, ಹೆಂಡತಿ ರೊಟ್ಟಿ ಬಡಿಯುವ ಸಪ್ಪಳ, ಎಲ್ಲವನ್ನೂ ಎಣಿಸುತ್ತಿದೆ, ಗಣಿ ಕಚೇರಿಯ ಗುಮಾಸ್ತ ಸಿರಾಜುದ್ದೀನ ತಲೆ ಎತ್ತದೆ ಟೈಪು ಹೊಡೆಯುತ್ತಿದ್ದಾನೆ, ಹಳೆಯ ಕಾಗದದ ನೆತ್ತಿಯಲ್ಲಿದ್ದ ಮೈಸೂರು ರಾಜ್ಯ ಎಂಬ ಅಚ್ಚಿನ ಮೇಲೆ ಸಾಲಾಗಿ ಎಕ್ಸ್ ಕುಟ್ಟಿ ಪಕ್ಕದಲ್ಲಿ ಕರ್ನಾಟಕ ಎಂದು ಕೂರಿಸಿದ್ದಾನೆ, ಹೆಸರು ಬದಲಾಗಿ ಇನ್ನೂ ಮೂರು ತಿಂಗಳಾಗಿಲ್ಲ, ಹಳೆಯ ಕಾಗದ ಕಟ್ಟುಗಟ್ಟಲೆ ಉಳಿದಿದೆ, ಎಷ್ಟು ಕುಟ್ಟಿದರೂ ಎಕ್ಸುಗಳ ಅಡಿಯಲ್ಲಿ ಹಳೆಯ ಹೆಸರು ಓದಲು ಬರುತ್ತದೆ, — ಟಿಣ್, ಎರಡು. ವಿಚಾರಣೆಗೆಂದು ಕಂಪನಿಯ ದೊಡ್ಡ ಕಚೇರಿಯಿಂದ ಬಂದ ಗುರುಲಿಂಗಪ್ಪನವರು ಚಹಾವನ್ನು ಬಶಿಗೆ ಸುರುವಿ ಊದುತ್ತಿದ್ದಾರೆ, ಹತ್ತು ಮಿನಿಟ್ರಿ ಜಗದೇವಪ್ಪನೋರ, ನಿಮ್ಮ ಸಹಿ ಒಂದ್ ಆತಂದ್ರ ನಾ ಒಂದೂವರಿ ಗಾಡಿ ಹಿಡೀತೀನಿ, ನೀವು ಮನಿಗಿ ಹೋಗಿ ಎರಡು ತುತ್ತು ಉಣ್ರಿ, ಮಾರಿ ಹೆಂಗ್ ಬಾಡ್ಯಾದ ನೋಡ್ರಿ ನಿಮ್ದು. ಜಗದೇವಪ್ಪ ಹೂಂ ಅಂದ, ಅಂದನೋ ಇಲ್ಲವೋ, ಅವನ ಬಲಗೈ ಪ್ಯಾಂಟಿನ ಕಿಸೆಯೊಳಗಿದೆ, ಮುಷ್ಟಿಯೊಳಗೆ ಹರಳು, ಮೈಬೆವರಿಗೆ ಬೆಚ್ಚಗಾಗಿದೆ. ಟೈಪಾಗುತ್ತಿರುವ ಹೇಳಿಕೆ ಅವನದೇ, ಅದರ ಒಂದೊಂದು ಅಕ್ಷರವೂ ಅವನಿಗೆ ಗೊತ್ತು, ಸುರಂಗ ಹಾರಿಸುವ, ಅಂದರೆ ಮದ್ದಿಟ್ಟು ಬಂಡೆ ಸಿಡಿಸುವ, ಕೆಲಸಗಾರ ಮಶಾಕ ಎಂಬಾತನು ಮದ್ದು ತುಂಬಿದ ಕುಳಿಗಳನ್ನು ತಪ್ಪಾಗಿ ಎಣಿಸಿ, ಎಲ್ಲವೂ ಹಾರಿವೆಯೆಂದು ತಾನೇ ತಿಳಿದು, ಯಾರ ಅಪ್ಪಣೆಯೂ ಇಲ್ಲದೆ ಗಣಿಯೊಳಗೆ ಇಳಿದನು. ಕಿಟಕಿಯಾಚೆ ಬೇವಿನ ಗಿಡದ ಕೆಳಗೆ ಮಶಾಕನ ಹೆಂಡತಿ ಜೈತುನ್ಬೀ ಕೂತಿದ್ದಾಳೆ, ಮುಂಜಾನೆಯಿಂದ ಕೂತಿದ್ದಾಳೆ, ಗಿಡದ ಎಲೆಗಳ ಮೇಲೆ ಸುಣ್ಣಗಲ್ಲಿನ ಬಿಳಿ ಹುಡಿ, ಅವಳ ಕರಿಯ ಸೆರಗಿನ ಮೇಲೂ — ಟಿಣ್.

ಎಣಿಕೆ ತಪ್ಪಿದ ಮಶಾಕ. ಈ ಮೂರು ಮಾತುಗಳನ್ನು ಯಾರಾದರೂ ಆರು ವರ್ಷಗಳ ಹಿಂದೆ ಹೇಳಿದ್ದರೆ ಜಗದೇವಪ್ಪ ನಂಬುತ್ತಿದ್ದ, ಆಗ ಅವನು ಈ ಸುಣ್ಣಗಲ್ಲಿನ ಗಣಿಗೆ ಮೇಲ್ವಿಚಾರಕನಾಗಿ ಹೊಸದಾಗಿ ಬಂದಿದ್ದ, ರಸಾಯನಶಾಸ್ತ್ರದ ಬಿ.ಎಸ್ಸಿ., ಕೈಯಲ್ಲಿ ರಿಜಿಸ್ಟರು, ಕೆಂಪು ಗೆರೆ ಎಳೆಯಲು ಅಡಿಪಟ್ಟಿ, ಮತ್ತು ಈ ಮಶಾಕ, ತನಗಿಂತ ಹದಿನೈದು ವರ್ಷ ದೊಡ್ಡವನು, ಅಂಗಿಯ ಎರಡೂ ಕಿಸೆಗಳಲ್ಲಿ ಹರಳು ತುಂಬಿಕೊಂಡು ಗಲಗಲ ಸದ್ದು ಮಾಡುತ್ತ ಓಡಾಡುವವನು, ಕಾಗಿಣಾ ಹೊಳೆಯ ಕೆಂಪು ಹರಳು, ಬಟಾಣಿಗಿಂತ ತುಸು ದೊಡ್ಡವು, ಇದೇನಪಾ ಮಶಾಕ, ಗೋಲಿ ಆಡ್ತೀ ಏನು ಈ ವಯಸ್ಸಿನಾಗ? ಮಶಾಕ ನಕ್ಕಿದ್ದ, ಮುಂದಿನ ಒಂದು ಹಲ್ಲು ಇರಲಿಲ್ಲ, ನಮ್ಮಪ್ಪ ಹಾಜಿಸಾಬ ಕಲಿಸಿದ ಲೆಕ್ಕ ಅದರಿ ಸಾಬ್, ಒಂದು ಕುಳಿ ತುಂಬಿದ್ರ ಒಂದು ಹರಳು ಎಡಗಿಸೆದಾಗ, ಬತ್ತಿ ಹಚ್ಚಿ ಓಡಿ ಬಂದು ಮರಿಗಿ ಕುಂದ್ರಾದು, ಒಂದು ಸಪ್ಪಳ ಆದ್ರ ಒಂದು ಹರಳು ಎಡದಿಂದ ಬಲಕ್ಕ, ಎಡಗಿಸೆ ಖಾಲಿ ಆತಂದ್ರ ಒಳಗ ಹೋಗಾದು, ಇಲ್ಲಂದ್ರ ಇಲ್ಲೇ ಬೀಡಿ ಸೇದಾದು. ಕಿವಿಯಿಂದಲೇ ಎಣಿಸಬಾರದೇನೋ, ಎಂದಿದ್ದ ಜಗದೇವಪ್ಪ. ಇಪ್ಪತ್ತೈದು ವರ್ಷ ಸುರಂಗ ಹಾರಿಸಿದ ಕಿವಿರಿ ಇವು, ಇವುಗಳ ಮ್ಯಾಲ ನಂಗೇ ಭರೋಸಾ ಇಲ್ಲ, ನಿಮಗ್ಯಾಕ ಇರಬೇಕು. ಒಂದೇ ಒಂದು ಕಟ್ಟಳೆ ಅವನಿಗೆ, ಸಪ್ಪಳ ಕೇಳದೆ ಹರಳು ದಾಟಬಾರದು, ಖುದಾ ಬಂದು ಹೇಳಿದರೂ ದಾಟಬಾರದು. ಜಗದೇವಪ್ಪ ಆ ರಾತ್ರಿಯೇ ಕೂತು ಅಚ್ಚುಕಟ್ಟಾದ ಒಂದು ತಖ್ತೆ ಮಾಡಿದ್ದ, ಕುಳಿಯ ಸಂಖ್ಯೆ, ಆಳ, ಮದ್ದಿನ ತೂಕ, ಸಪ್ಪಳದ ವೇಳೆ, ಆರು ವರ್ಷ ಅದನ್ನು ತುಂಬಿದ, ಆರು ವರ್ಷದಲ್ಲಿ ತಖ್ತೆಗೂ ಮಶಾಕನ ಕಿಸೆಗೂ ವ್ಯತ್ಯಾಸ ಬಂದದ್ದು ಎರಡೇ ಸಲ, ಎರಡೂ ಸಲ ತಪ್ಪಿದ್ದು ತಖ್ತೆ, — ಟಿಣ್, ಏಳೋ ಎಂಟೋ, ಇಲ್ಲ, ಎಂಟು.

ಮತ್ತು ಆ ಜನರಲ್‌ಗಳು, ಅಮೆರಿಕದ ಆ ಜನರಲ್‌ಗಳಿಂದಲೇ ಎಲ್ಲ ಶುರುವಾಯಿತೇನೋ, ಹೈದರಾಬಾದಿನಲ್ಲಿ ಓದುವಾಗ ಫುಟ್‌ಪಾತಿನ ಮೇಲೆ ಸಿಕ್ಕ ದಪ್ಪ ಪುಸ್ತಕ, ರಟ್ಟು ಹರಿದದ್ದು, ಒಬ್ಬೊಬ್ಬ ಜನರಲ್‌ಗೆ ಒಂದೊಂದು ಅಧ್ಯಾಯ, ದಂತದ ಹಿಡಿಯ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡ ಪ್ಯಾಟನ್, ಆಸ್ಪತ್ರೆಯಲ್ಲಿ ನಡುಗುತ್ತ ಕೂತ ಸಿಪಾಯಿಯ ಕೆನ್ನೆಗೆ ಹೊಡೆದು ಆಮೇಲೆ ಕ್ಷಮೆ ಕೇಳಬೇಕಾಗಿ ಬಂದವನು, ನೀರಿಗಿಳಿದು ನಡೆದು ಬರುವ ಮ್ಯಾಕ್‌ಆರ್ಥರ್, ಮುದುಡಿದ ಕೋಟಿನ ಗ್ರಾಂಟ್, ಎಲ್ಲರಿಗಿಂತ ಹೆಚ್ಚಾಗಿ ಐಸೆನ್‌ಹೋವರ್, ಅವನ ಚೀಟಿ. ಆ ಚೀಟಿಯ ಕಥೆಯನ್ನು ಜಗದೇವಪ್ಪ ಎಷ್ಟು ಕಡೆ ಹೇಳಿಲ್ಲ, ಸೇಡಂ ಹೈಸ್ಕೂಲಿನಲ್ಲಿ, ಶಹಾಬಾದಿನ ಕ್ಲಬ್ಬಿನಲ್ಲಿ, ಚಂದಾಪುರದ ಮಾಸ್ತರರ ಸಭೆಯಲ್ಲಿ, ಶಾಲು, ತೆಂಗಿನಕಾಯಿ, ಚಪ್ಪಾಳೆ, — ಎರಡನೆಯ ಮಹಾಯುದ್ಧ, ನಾಳೆ ಫ್ರಾನ್ಸಿನ ದಂಡೆಗೆ ಲಕ್ಷಾಂತರ ಸೈನಿಕರು ಇಳಿಯಬೇಕು, ಹವಾಮಾನ ಕೆಟ್ಟಿದೆ, ಹೋಗಿ ಎಂದು ಹೇಳಿ ಆಗಿದೆ, ಆ ಮನುಷ್ಯ ಒಬ್ಬನೇ ಕೂತು, ಸೋತರೆ ಹೊರಡಿಸಲೆಂದು, ಪೆನ್ಸಿಲಿನಲ್ಲಿ ಬರೆಯುತ್ತಾನೆ, ದಾಳಿ ವಿಫಲವಾಗಿದೆ, ಸೈನಿಕರು ಧೈರ್ಯದಿಂದ ಮಾಡಬಹುದಾದದ್ದನ್ನೆಲ್ಲ ಮಾಡಿದ್ದಾರೆ, ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದು. ಬರೆದು ಪಾಕೀಟಿನಲ್ಲಿ ಇಟ್ಟುಕೊಳ್ಳುತ್ತಾನೆ. ಇಲ್ಲಿ ಜಗದೇವಪ್ಪ ನಗುತ್ತ ಹೇಳುತ್ತಿದ್ದ, ನೋಡಿ, ಆ ಚೀಟಿಯ ಮೇಲೆ ಜೂನ್ ಬದಲು ಜುಲೈ ಎಂದು ತಾರೀಖು ತಪ್ಪಾಗಿ ಬಿದ್ದಿದೆ, ನನ್ನ ರಿಜಿಸ್ಟರಿನಲ್ಲಿ ಯಾರಾದರೂ ಹಾಗೆ ಬರೆದಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ, ಆದರೆ ಅಷ್ಟು ದೊಡ್ಡ ಭಾರ ಹೊತ್ತವನ ಕೈ ಅಷ್ಟಾದರೂ ನಡುಗಬೇಕಲ್ಲ. ಹೋದ ಮಾರ್ಚಿನಲ್ಲಿ ಸುರಕ್ಷತಾ ದಿನ, ಇದೇ ಗಣಿಯಲ್ಲಿ, ಇದೇ ಬೇವಿನ ಗಿಡದ ಕೆಳಗೆ ಜಾಜಮು ಹಾಸಿ ಕೆಲಸಗಾರರಿಗೆಲ್ಲ ಅದೇ ಕಥೆ ಹೇಳಿದ, ಹಿಂದಿನ ಸಾಲಿನಿಂದ ಮಶಾಕ ಎದ್ದು ನಿಂತ, ಒಂದು ಮಾತು ಕೇಳ್ಲೇನ್ರಿ ಸಾಬ್, ಆ ದೊಡ್ಡ ಸಾಹೇಬ್ರು ಚೀಟಿ ಬರ್ದು ತಮ್ಮ ಕಿಸೆದಾಗ ತಾವೇ ಇಟ್ಕೊಂಡ್ರ ಮಂದಿಗಿ ಹ್ಯಾಂಗ ತಿಳೀತದ್ರಿ? ಯಾರ್ದರ ಕೈಯಾಗ ಕೊಡಬೇಕಿಲ್ರಿ? ಎಲ್ಲರೂ ನಕ್ಕರು, ಜಗದೇವಪ್ಪನೂ ನಕ್ಕ, ಮಶಾಕನ ಕೈಕೆಳಗೆ ಸುರಂಗದ ಕೆಲಸ ಕಲಿಯುತ್ತಿದ್ದ ತಮ್ಮ ಖಾಜಾಮಿಯಾ ಅಣ್ಣನ ಅಂಗಿ ಹಿಡಿದು ಕುಂದ್ರು ಸುಮ್ನ ಎಂದು ಜಗ್ಗಿದ, ಅಂದಿನಿಂದ ಗಣಿಯಲ್ಲಿ ಜಗದೇವಪ್ಪನಿಗೆ ಜರ್ನೇಲ್ ಸಾಬ್ ಎಂದೇ ಹೆಸರು ಬಿತ್ತು. ಜರ್ನೇಲ್ ಸಾಬ್ ಬರ್ಲಾಕತ್ತಾರ, ಬೀಡಿ ಒಗೀರಿ. ಅವನು ಸಿಟ್ಟು ಬಂದವನ ಹಾಗೆ ಮಾಡುತ್ತಿದ್ದ, ಒಳಗೆ ಹಿತವಾಗುತ್ತಿತ್ತು, ಈಗ ನೆನೆದರೆ ಆ ಹಿತವೇ ಬಾಯಲ್ಲಿ ಸುಣ್ಣ ಇಟ್ಟ ಹಾಗೆ ಸುಡುತ್ತದೆ, — ಟಿಣ್.

ಹನ್ನೊಂದು ದಿನಗಳ ಹಿಂದೆ, ಮಧ್ಯಾಹ್ನ, ಹತ್ತೊಂಬತ್ತು ಕುಳಿ. ಭೋಂಗಾ ಕೂಗಿತು, ಕೆಂಪು ಬಾವುಟ ಏರಿತು, ಮಶಾಕ ಬತ್ತಿ ಹಚ್ಚಿ ಓಡಿ ಬಂದು ಕಲ್ಲುಗೋಡೆಯ ಮರೆಗೆ ಜಗದೇವಪ್ಪನ ಪಕ್ಕದಲ್ಲೇ ಕೂತ, ಒಂದು, ಎರಡು, ನೆಲ ಅದುರುತ್ತಿತ್ತು, ಹರಳು ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ, ಆಚೆ ಸೈಡಿಂಗಿನಲ್ಲಿ ಖಾಲಿ ವ್ಯಾಗನ್‌ಗಳು ಬೆಳಗಿನಿಂದ ನಿಂತಿದ್ದವು, ಕಲ್ಲು ಒಡೆಯುವ ಯಂತ್ರ ಹೊಟ್ಟೆ ಖಾಲಿಯಾಗಿ ನಿಂತಿತ್ತು, ಕಚೇರಿಯ ಫೋನು ಎರಡು ಸಲ ಹೊಡೆದಿತ್ತು, ದೊಡ್ಡ ಕಚೇರಿಯವರು, ಏನ್ ಮಲಗೀರೇನ್ರಿ ಅಲ್ಲಿ ಎಲ್ಲರೂ, ಹದಿನೆಂಟು, ಹನ್ನೆರಡು ಗಂಟೆ ಹತ್ತು ನಿಮಿಷ, ಆಮೇಲೆ ಏನೂ ಇಲ್ಲ, ಹುಡಿ ಇಳಿಯಿತು, ಒಂದು ಕಾಗೆ ಕೂಗಿತು, ಏನೂ ಇಲ್ಲ. ಒಂದ್ ಉಳದದರಿ ಸಾಬ್. ಮಶಾಕನ ಅಂಗೈ ಚಾಚಿತ್ತು, ಬಿರುಕು ಬಿಟ್ಟ ಅಂಗೈ, ನಡುವೆ ಒಂದು ಕೆಂಪು ಹರಳು. ನಿಯಮ ಜಗದೇವಪ್ಪನಿಗೆ ಗೊತ್ತಿಲ್ಲವೇ, ಅರ್ಧ ಗಂಟೆ ಕಾಯಬೇಕು, ತಖ್ತೆಯ ಕೆಳಗೆ ಕೆಂಪು ಶಾಯಿಯಲ್ಲಿ ತಾನೇ ಬರೆದಿದ್ದ, ಅರ್ಧ ಗಂಟೆ ಕಾಯತಕ್ಕದ್ದು. ಆರು ನಿಮಿಷ ಕಾದ. ಫೋನು ಮತ್ತೆ ಹೊಡೆಯಿತು. ಎರಡು ಕೂಡೇ ಹಾರ್ಯಾವ ಮಶಾಕ, ನಾ ಕೇಳೀನಿ, ಹೋಗಿ ನೋಡಿ ಬಾ. ಕೇಳಿರಲಿಲ್ಲ. ಕೇಳೀನಿ ಎಂದದ್ದು ಸುಳ್ಳು, ಸುಳ್ಳೆಂದು ಹೇಳುವಾಗಲೇ ಗೊತ್ತಿತ್ತು, ಎರಡು ಒಟ್ಟಿಗೆ ಹಾರುವುದು ಉಂಟು, ಹತ್ತಕ್ಕೆ ಒಂಬತ್ತು ಸಲ ಹಾಗೇ ಇರುತ್ತದೆ, ವಿಜ್ಞಾನ ಓದಿದವನು, ಸಂಭವನೀಯತೆ ಗೊತ್ತಿದ್ದವನು. ಮಶಾಕ ಅವನ ಮುಖವನ್ನೇ ನೋಡಿದ, ಸಂಶಯದಿಂದಲ್ಲ, ಸಂಶಯವಿದ್ದಿದ್ದರೆ ಒಳ್ಳೆಯದಿತ್ತು, ಜರ್ನೇಲ್ ಸಾಬ್ ಕೇಳ್ಯಾರಂದ್ರ ಆತು ಬಿಡ್ರಿ, ಹೋಗ್ತೀನಿ, ಆದ್ರ ಈ ಹರಳು ನನ್ನ ಬಲಗಿಸೆಗಿ ದಾಟಂಗಿಲ್ಲ, ನಾ ಕೇಳಿಲ್ಲ, ನೀವು ಕೇಳೀರಿ, ನೀವೇ ಇಟ್ಕೋರಿ. ಜಗದೇವಪ್ಪನ ಅಂಗೈಯನ್ನು ಬಿಡಿಸಿ ಹರಳು ಇಟ್ಟ, ಬೆರಳು ಮಡಚಿದ, ಮಗುವಿನ ಕೈಗೆ ಬೆಲ್ಲ ಕೊಟ್ಟು ಮಡಚುವ ಹಾಗೆ, ನಕ್ಕ, ಹಲ್ಲಿಲ್ಲದ ಸಂದಿ, ಹೋದ. ಬತ್ತಿ ಒಳಗೊಳಗೇ ಕುಮುಲುತ್ತಿತ್ತು. ಹನ್ನೆರಡು ಇಪ್ಪತ್ತೊಂದಕ್ಕೆ ಹತ್ತೊಂಬತ್ತನೆಯದು ಹಾರಿತು.

ಪಂಚನಾಮೆಯಲ್ಲಿ ಬರೆದಿದ್ದಾರೆ, ಮೃತನ ಅಂಗಿಯ ಬಲಗಿಸೆಯಲ್ಲಿ ಹದಿನೆಂಟು ಸಣ್ಣ ಹರಳು, ಎಡಗಿಸೆ ಖಾಲಿ, ಗುರುಲಿಂಗಪ್ಪನವರು ಅದನ್ನೇ ಹಿಡಿದುಕೊಂಡುಬಿಟ್ಟರು, ನೋಡ್ರಿ, ಭಾಳ ಸೀದಾ ಅದ, ಕುಳಿ ಹತ್ತೊಂಬತ್ತು, ಹರಳು ಹದಿನೆಂಟು, ತುಂಬುವಾಗೇ ಒಂದು ಮರ್ತಾನ, ಎಡಗಿಸೆ ಖಾಲಿ ಆತು, ಎಲ್ಲಾ ಹಾರ್ಯಾವಂತ ತಿಳಿದು ಒಳಗ ಹೋಗ್ಯಾನ, ನೀವೇನು ಹೋಗಂತ ಅಂದಿಲ್ಲಲ್ರಿ? ಆಗ ಒಂದು ಕ್ಷಣ ಇತ್ತು, ಕಿಸೆಯಿಂದ ಕೈ ತೆಗೆದು ಮೇಜಿನ ಮೇಲೆ ಇಡುವಷ್ಟು ಕ್ಷಣ, ಜಗದೇವಪ್ಪ ಅದನ್ನು ಹಾಗೇ ಹೋಗಲು ಬಿಟ್ಟ, ಇಲ್ರಿ ಅಂದ. ಮರುದಿನ ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು ಹರಳನ್ನು ಗಾಜಿನ ಬಟ್ಟಲಲ್ಲಿಟ್ಟು ಮೇಲೆ ಆಮ್ಲ ಸುರಿದ, ಈ ಗಣಿಯ ಕಲ್ಲಾಗಿದ್ದರೆ ನೊರೆಯುಕ್ಕಿ ಕರಗಿ ಹೋಗುತ್ತಿತ್ತು, ಹೊಳೆಯ ಬೆಣಚು ಅದು, ಒಂದು ಗುಳ್ಳೆಯೂ ಏಳಲಿಲ್ಲ, ತೊಳೆದಂತಾಗಿ ಇನ್ನಷ್ಟು ಕೆಂಪಗೆ ಹೊಳೆಯಿತು, — ಬೆಣಚು ಕರಗುವುದಿಲ್ಲವೆಂದು ಗೊತ್ತಿದ್ದೂ ಯಾಕೆ ಸುರಿದೆ, ಯಾವ ಪರೀಕ್ಷೆ ಅದು. ಇವತ್ತು ಬೆಳಿಗ್ಗೆ ಜೈತುನ್ಬೀ ದಾರಿಗಡ್ಡ ನಿಂತಿದ್ದಳು, ಅಳಲಿಲ್ಲ, ಏನನ್ನೂ ಬೇಡಲಿಲ್ಲ, ಸಾಹೇಬ್ರ, ಅವ್ರು ಎಣಿಕಿ ತಪ್ಯಾರಂತ ಬರಿಬ್ಯಾಡ್ರಿ, ಮನ್ಯಾಗ ರೊಟ್ಟಿ ಸೈತ ಎಣಸಿ ಉಂತಿದ್ರು, ಅವ್ರಿಗಿ ಎಣಸ್ಲಾಕ ಬರ್ತಿರಲಿಲ್ಲಂತ ಮಂದಿ ಅಂದ್ರ ನಾ ಹ್ಯಾಂಗ ತಡಕೊಳ್ಲಿ, ಖಾಜಾಮಿಯಾನ ಕೈಯಾಗ ಇನ್ನ ಯಾರು ಮದ್ದು ಕೊಡ್ತಾರ? ಜಗದೇವಪ್ಪ, ನೋಡೋಣ್ರಮ್ಮಾ ಅಂದ, ನೋಡೋಣ, — ಟಿಣ್, ಹದಿನಾರು.

ಚೀಟಿ ಯಾಕೆ ಹೆಸರಾಯಿತು, ಗೆದ್ದದ್ದರಿಂದ, — ಟಿಣ್, ಹದಿನೇಳು, — ಗೆದ್ದವನು ಪಾಕೀಟಿನಿಂದ ತೆಗೆದು ತೋರಿಸಬಹುದು, ನೋಡಿ, ನಾನು ಹೊರಲು ತಯಾರಿದ್ದೆ, ಸೋತಿದ್ದರೆ, ಆ ದಂಡೆಯ ಮರಳ ಮೇಲೆ ಎಲ್ಲರೂ ಸತ್ತಿದ್ದರೆ, ಆಗ ಆ ಕೈ ಕಿಸೆಯಿಂದ ಹೊರಗೆ ಬರುತ್ತಿತ್ತೇ, ಬರುತ್ತಿತ್ತೇನೋ, ಅವನು ಬೇರೆ ಮನುಷ್ಯ ಇರಬಹುದು, ಇಷ್ಟು ವರ್ಷ ಚಪ್ಪಾಳೆ ತಟ್ಟಿಸಿಕೊಂಡದ್ದು ಅವನ ಚೀಟಿಗೆ, ನನ್ನದಕ್ಕಲ್ಲ. ಗ್ರಾಂಟ್, ಅಮೆರಿಕದ ಅಂತರ್ಯುದ್ಧದಲ್ಲಿ ತಾನು ನಡೆಸಿದ ಕೋಲ್ಡ್ ಹಾರ್ಬರಿನ ಕೊನೆಯ ದಾಳಿಯ ಬಗ್ಗೆ ಸಾಯುವ ಮುಂಚೆ ಬರೆದ, ಅದನ್ನು ನಡೆಸಬಾರದಿತ್ತು ಎಂದು, ಇಪ್ಪತ್ತು ವರ್ಷ ಕಳೆದ ಮೇಲೆ, ಆ ದಾಳಿಯ ಹಿಂದಿನ ದಿನ ಸಿಪಾಯಿಗಳು ತಮ್ಮ ಹೆಸರು ಬರೆದ ಕಾಗದವನ್ನು ಅಂಗಿಯ ಬೆನ್ನಿಗೆ ಹೊಲಿದುಕೊಳ್ಳುತ್ತಿದ್ದರಂತೆ, ನಾಳೆ ಹೆಣ ಗುರುತಾಗಲಿ ಎಂದು, ಅವರಿಗೆ ಗೊತ್ತಿತ್ತು, ಮಶಾಕನಿಗೂ ಗೊತ್ತಿತ್ತೇ, ಗೊತ್ತಿದ್ದೇ ಕೊಟ್ಟನೇ, ಕಿಸೆದಾಗ ಇಟ್ಕೊಂಡ್ರ ಯಾರಿಗಿ ತಿಳೀತದ್ರಿ, ಕೈಯಾಗ ಕೊಡಬೇಕಿಲ್ರಿ, — ಟಿಣ್. ಹದಿನೆಂಟು. ಸಿರಾಜುದ್ದೀನ ಕರ್ ಎಂದು ಕಾಗದ ಎಳೆದ, ಊದಿದ, ತಂದು ಮುಂದಿಟ್ಟ, ಜಗದೇವಪ್ಪನ ಮುಖ ನೋಡಲಿಲ್ಲ, ಹದಿನೆಂಟು ಸಾಲು, ಅದರ ಕೆಳಗೆ ಖಾಲಿ ಜಾಗ, ಸಹಿಗೆ. ಇಲ್ಲಿ ನೋಡ್ರಿ, ಇಲ್ಲಿ, ಎಂದು ಗುರುಲಿಂಗಪ್ಪನವರು ಬೆರಳಿಟ್ಟರು, ಪೆನ್ನಿನ ಟೊಪ್ಪಿಗೆ ತೆಗೆದು ಚಾಚಿದರು, ತಗೋರಿ, ಗಾಡಿ ವ್ಯಾಳ್ಯಾ ಆತು. ಪೆನ್ನು ಹಿಡಿಯಲು ಬಲಗೈ ಬೇಕು. ಬಲಗೈ ಕಿಸೆಯಿಂದ ಬಂತು, ಮುಷ್ಟಿ ಬಿಗಿದೇ ಬಂತು, ಮೇಜಿನ ಅಂಚಿನವರೆಗೆ ಬಂತು, ಒಂದು ಕ್ಷಣ ಅಲ್ಲೇ ನಿಂತಿತು, ಬಿಚ್ಚಿದರೆ ಸಾಕು, ಬೇರೆ ಮಾತೇ ಬೇಡ, ಮೇಜಿನ ಮೇಲೆ ಟಕ್ ಎಂದು ಬಿದ್ದರೆ ಸಾಕು, ಕಿಟಕಿಯಾಚೆ ಜೈತುನ್ಬೀ ತಲೆ ಎತ್ತಿದ್ದಾಳೆ, ಇತ್ತಲೇ ನೋಡುತ್ತಿದ್ದಾಳೆ, ಎಡಗೈ ಮೇಜಿನ ಕೆಳಗಿನಿಂದ ಮೆಲ್ಲಗೆ ಬಂತು, ಬಲಗೈಯ ಕೆಳಗೆ ಬೊಗಸೆಯಾಯಿತು, ಹರಳು ದಾಟಿತು. ಸಪ್ಪಳ ಆಗಲಿಲ್ಲ. ಬಲಗೈ ಪೆನ್ನು ಹಿಡಿಯಿತು, ಸಹಿ ಬರೆಯಿತು, ತಾರೀಖು ಹಾಕಿತು, ತಾರೀಖು ಸರಿಯಾಗಿಯೇ ಬಿತ್ತು, ಕೈ ನಡುಗಲಿಲ್ಲ. ಸಪ್ಪಳ ಕೇಳದೆ ದಾಟಿದ ಹರಳು, ಎಡಗೈಯಲ್ಲಿ, ಬೆಚ್ಚಗೆ, ಗುರುಲಿಂಗಪ್ಪನವರು ಏನೋ ಹೇಳುತ್ತಿದ್ದಾರೆ, ಕುರ್ಚಿ ಸರಿಯುತ್ತಿದೆ, ಇನ್ನೂ ಅವನು ಕಾಯುತ್ತಿದ್ದಾನೆ, ಕಿವಿಗೊಟ್ಟು, ಹುಡಿ ಇಳಿದ ಮೇಲಿನ ಆ ಮೌನದಲ್ಲಿ, ಬಿರುಕು ಬಿಟ್ಟ ಅಂಗೈ, ನಡುವೆ ಒಂದು ಕೆಂಪು ಹರಳು, ನೀವೇ ಇಟ್ಕೋರಿ, — ಅಂಗೈ, ಹರಳು, — ಅಂಗೈ —