ಎದೆ ಭಾರ, ಎಡೈ ಭಾರ

ಸಿರುಮುಗೈ ಪಂಕಜಂಗೆ ಎರಡು ನಾಲಗೆ. ಒಂದು ಬೀದಿಗೆ, ಒಂದು ಮನೆಗೆ. ಬಸ್ಸಿನ ಸೀಟಿಗೆ ಜಗಳ, ಸೊಪ್ಪಿನ ಚೌಕಾಸಿ, ರೇಷನ್ ಅಂಗಡಿಯವನಿಗೆ ಮಂಗಳಾರತಿ, ಇವೆಲ್ಲ ಚೊಕ್ಕ ತಮಿಳಿನಲ್ಲಿ. ಆದರೆ ಅಳು, ಜ್ವರ, ನೋವು ಮಾತ್ರ ಅವ್ವನ ಕನ್ನಡದಲ್ಲೇ ಬರಬೇಕು. ತಮಿಳುನಾಡಿನ ಆ ಊರಿನ ಮಗ್ಗದ ಮನೆಗಳಲ್ಲಿ ಎಲ್ಲರೂ ಹಾಗೇ. ನೋಯುವಾಗ ಯಾರಾದರೂ ಭಾಷೆ ಆರಿಸಿಕೊಂಡು ಕೂರುತ್ತಾರಾ, ನೀವೇ ಹೇಳಿ!

ಹಾಗಾಗಿ ಲಾಳಿಗೆ ರೇಷ್ಮೆ ಸುತ್ತುತ್ತಾ ಕೂತವಳಿಗೆ ಎದೆಯ ಮೇಲೆ ಯಾರೋ ರುಬ್ಬುಗುಂಡು ಇಟ್ಟಂತಾಗಿ, ಕೊಯಮತ್ತೂರಿನ ಆಸ್ಪತ್ರೆಗೆ ಬಂದಾಗ, ಬಾಯಿಗೆ ಬಂದದ್ದು ಮನೆಯ ನಾಲಗೆಯೇ. ಗಂಡ ಕುಪ್ಪುಸಾಮಿ ಟೀ ಕುಡಿಯಲು ಹೊರಗೆ ಹೋಗಿದ್ದ. ಡಾಕ್ಟರ್ ಜಯಪ್ರಿಯಾ ಏನೆಂದು ಕೇಳಿದಳು.

"ಎದೆ ಭಾರ, ತಾಯೇ."

ಜಯಪ್ರಿಯಾ ತಂಜಾವೂರು ಕಡೆಯ ಹುಡುಗಿ. ಕನ್ನಡದ ಗಾಳಿಯೂ ಸೋಕಿದವಳಲ್ಲ. ತಮಿಳಿನಲ್ಲಿ ಎಡೈ ಅಂದರೆ ತೂಕ. ಅಜ್ಜಿಗೆ ತೂಕ ಜಾಸ್ತಿಯಂತೆ ಎಂದುಕೊಂಡಳು.

"ಎಡೈಯಾ?"

ಪಂಕಜಂ ಮುಖ ಅರಳಿತು. ಅಯ್ಯೋ ಶಿವನೇ, ಈ ಪೊಣ್ಣಿಗೆ ನಮ್ಮ ಮಾತು ಬರುತ್ತಲ್ಲ! ಇನ್ನು ತಮಿಳಿನ ಗೊಡವೆ ಯಾಕೆ? "ಹೂಂ ಕಣಮ್ಮಾ, ಎದೆಯೇ!"

ಜಯಪ್ರಿಯಾ ಮೇಲಿಂದ ಕೆಳಗೆ ನೋಡಿದಳು. ಎದುರಿಗೆ ಕೂತಿದ್ದದ್ದು ಸೀರೆ ಉಟ್ಟ ನುಗ್ಗೇಕಾಯಿ.

"ಎಪ್ಪೋ ಜಾಸ್ತಿಯಾಗುದು, ಪಾಟ್ಟಿ?"

"ಪಡಿ ಏರಿದ್ರೆ ಜಾಸ್ತಿ. ಕೂತ್ರೆ ಕಮ್ಮಿ."

ಮೆಟ್ಟಿಲು ಹತ್ತಿದರೆ ಏರುವ, ಕೂತರೆ ಇಳಿಯುವ ತೂಕ! ಜಯಪ್ರಿಯಾ ಪೆನ್ನು ಕೆಳಗಿಟ್ಟಳು.

"ವೀಟ್ಲೆ ಯಾರಾವದು ಸೊನ್ನಾಂಗಳಾ?"

"ಮನೇಲಿ ಯಾರ್ ಹೇಳ್ತಾರೆ? ಯಾರ ಕಣ್ಣಿಗೂ ತೆರಿಯಲ್ಲ. ಉಳ್ಳೇ ಇದೆ. ಪೂರಾ ಇಳಿಸಿಬಿಡು ತಾಯೇ, ತಾಂಗಕ್ಕಾಗಲ್ಲ."

ಯಾರ ಕಣ್ಣಿಗೂ ಕಾಣದ, ಒಳಗೇ ಇರುವ, ತಡೆಯಲಾಗದ ತೂಕ. ಕಡ್ಡಿಯಂತಿದ್ದೂ ದಪ್ಪಗಿದ್ದೇನೆಂದು ಹಪಹಪಿಸುವ ಕಾಲೇಜು ಹುಡುಗಿಯರ ಬಗ್ಗೆ ಜಯಪ್ರಿಯಾ ಓದಿದ್ದಳು. ಪಾಪ, ಈ ಮುದುಕಿಗೂ ಅದೇ! ತೂಕ ನೋಡಿಸಿ, ಮನೋವೈದ್ಯರ ಬಳಿ ಕರೆದುಕೊಂಡು ಹೋಗಲು ನರ್ಸ್ ಇಲಕ್ಕಿಯಾಳಿಗೆ ಹೇಳಿದಳು.

ಕುಪ್ಪುಸಾಮಿ ಬಂದು ವಿಷಯ ಕೇಳಿದ್ದೇ ತಡ, ಕುಡಿದ ಟೀ ನೆತ್ತಿಗೇರಿತು.

"ಪೈತ್ಯದ ಡಾಕ್ಟ್ರಾ? ನಿಂಗೇನ್ ಹುಚ್ಚಾ? ಬೀದೀಲಿ ತೆರಿದ್ರೆ ಮೊಮ್ಮಗಳಿಗೆ ಮಾಪಿಳ್ಳೈ ಸಿಗ್ತಾನಾ? ನಡಿ, ಬಸ್ಸಿಗೆ ಹೋಗಾಣ."

ಕೈ ಹಿಡಿದು ದರದರನೆ ಎಳೆದುಕೊಂಡು ಹೊರಟೇಬಿಟ್ಟ. ಪಂಕಜಂಗೆ ಬೆವರು ಕಿತ್ತು ಬರುತ್ತಿತ್ತು, ಎಡಗೈ ಸೋತು ಬಿದ್ದಿತ್ತು. ಈ ಬಸ್ಸು ಹತ್ತಿದರೆ ಸಿರುಮುಗೈಯಲ್ಲಿ ತಾನು ಇಳಿಯುವುದಿಲ್ಲ ಎಂದು ಅವಳಿಗೆ ಖಚಿತವಾಗಿ ಅನಿಸಿತು. ಬಹಳ ಭಯವಾಯಿತು.

ಬಾಗಿಲ ಹತ್ತಿರ ಇಲಕ್ಕಿಯಾ ಓಡಿಬಂದು ಅಡ್ಡ ನಿಂತಳು. "ಪಾಟ್ಟಿ, ನಿಲ್ಲುಂಗ. ಎಡೈ ಪಾಕ್ಕಣುಂ!"

ಪಂಕಜಂ ಸೆರಗನ್ನು ಬಿಗಿಯಾಗಿ ಎಳೆದುಕೊಂಡಳು. "ಎದೆ ನೋಡ್ಬೇಕಾ? ಇಲ್ಲೇನಾ? ಇಷ್ಟ್ ಗಂಡಸರ ಮುಂದೆಯಾ? ಥೂ, ಮಾನ ಮರ್ಯಾದೆ ಬೇಡ್ವಾ?"

ಇಲಕ್ಕಿಯಾಳಿಗೆ ಏನೂ ಅರ್ಥವಾಗಲಿಲ್ಲ. ಅವಳನ್ನು ಹಿಡಿದು ಗೋಡೆ ಬದಿಯ ತೂಕದ ಯಂತ್ರದ ಮೇಲೆ ನಿಲ್ಲಿಸಿ ಗಟ್ಟಿಯಾಗಿ ಓದಿದಳು: "ಎಡೈ, ಮುಪ್ಪತ್ತೆಟ್ಟು ಕಿಲೋ."

ಆಗ ಪಂಕಜಂಗೆ ಹೊಳೆಯಿತು. ಅಲ್ಲಿಯವರೆಗೆ ಅವಳ ಲೆಕ್ಕದಲ್ಲಿ ಎಡೈ ಎಂಬುದು ಅಕ್ಕಿಗೆ, ಬೆಳ್ಳಿಗೆ ಇರುವಂಥದ್ದು. ಮನುಷ್ಯರಿಗೆ ಇರುವುದು 'ವೆಯ್ಟು'. ಅಯ್ಯೋ ನನ್ನ ಕರ್ಮವೇ, ಇಷ್ಟು ಹೊತ್ತು ಆ ಹುಡುಗಿ ತೂಗುತ್ತಿದ್ದಳಾ! ನಗು ಉಕ್ಕಿತು, ನಗುವಿನ ಜೊತೆಗೇ ನೋವು ಹಿಂಡಿತು.

ಗಂಡನ ಕೈ ಕೊಡವಿ, ಗೋಡೆ ಹಿಡಿದುಕೊಂಡೇ ಡಾಕ್ಟರ ಕೋಣೆಗೆ ನುಗ್ಗಿದಳು. ರೇಷನ್ ಅಂಗಡಿಯವನಿಗೆ ಬೈಯುವ ತಮಿಳು ಗಂಟಲನ್ನೇ ತೆಗೆದಳು.

"ಎಡೈ ಇಲ್ಲೆ ಡೀ! ನೆಂಜು! ನೆಂಜು!"

ಎದೆಗೆ ಹೊಡೆದುಕೊಂಡು ಅಲ್ಲೇ ಕುಸಿದಳು. ಜಯಪ್ರಿಯಾ ನೆಲಕ್ಕೆ ಕೂತು ನಾಡಿ ಹಿಡಿದಳು. ಇ.ಸಿ.ಜಿ. ಮಾಡಿಸಿದರೆ ಹೃದಯಾಘಾತ. ಸ್ಟ್ರೆಚರ್ ಓಡಿತು, ಜಯಪ್ರಿಯಾ ಜೊತೆಗೇ ಓಡಿದಳು. ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿದರು. ಪಂಕಜಂ ಬದುಕಿದಳು.

ಸಂಜೆ ಜಯಪ್ರಿಯಾ ಮಂಚದ ಪಕ್ಕ ಬಂದು ತಲೆ ತಗ್ಗಿಸಿ ನಿಂತಳು. "ಮನ್ನಿಚ್ಚುಡುಂಗ, ಪಾಟ್ಟಿ."

"ಪರವಾಯಿಲ್ಲೆ, ಬಿಡು."

ಕುಪ್ಪುಸಾಮಿ ಒಳಗೆ ಬರಲು ಧೈರ್ಯವಿಲ್ಲದೆ ವಾರ್ಡಿನ ಬಾಗಿಲಲ್ಲೇ ನಿಂತಿದ್ದ. ಬಸ್ಸಿಗೆ ಎಳೆದುಕೊಂಡು ಹೊರಟಿದ್ದು ತಾನೇ ಅಲ್ಲವೇ? ಜಯಪ್ರಿಯಾ ಅವನನ್ನು ನೋಡಿದಳು. 'ಭಯಪ್ಪಡಾದೀಂಗ' ಅನ್ನುವುದಕ್ಕೆ ನಿಮ್ಮ ಮಾತಿನಲ್ಲಿ ಏನನ್ನುತ್ತಾರೆಂದು ಪಂಕಜಂ ಕಿವಿಯಲ್ಲಿ ಕೇಳಿದಳು.

"ಹೆದರ್ಬೇಡಿ."

ಜಯಪ್ರಿಯಾ ಬಾಯೊಳಗೇ ಒಮ್ಮೆ ಹೇಳಿ ನೋಡಿಕೊಂಡು ಬಾಗಿಲಿಗೆ ಹೋದಳು. ಮುದುಕನ ಹೆಗಲ ಮೇಲೆ ಕೈಯಿಟ್ಟಳು. "ಅಯ್ಯಾ, ಎದರ್ಬೇಡಿ."

ಡಾಕ್ಟರೊಬ್ಬರ ಬಾಯಲ್ಲಿ ಮನೆಯ ಮಾತನ್ನು ಕುಪ್ಪುಸಾಮಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಗೊಳೋ ಎಂದು ಅತ್ತುಬಿಟ್ಟ.

"ಅದು ಎದರ್ ಅಲ್ಲಮ್ಮಾ, ಹೆ, ಹೆದರ್..." ಎಂದು ಪಂಕಜಂ ಮಲಗಿದಲ್ಲಿಂದಲೇ ತಿದ್ದಲು ಹೊರಟಳು.

"ಸುಮ್ಕಿರೇ," ಎಂದ ಕುಪ್ಪುಸಾಮಿ, ಹೆಗಲ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ. "ಸರಿಯಾಗೇ ಹೇಳಿದ್ರು."